ಅವಧಿಗೆ ಮುನ್ನ ಹುಟ್ಟಿದ ಮಗುವಿನ ಮಿದುಳು, ಸೆರೆಬ್ರಲ್ ಪಾಲ್ಸಿ ಮತ್ತು ಕಾದು ನೋಡುವುದರ ಬೆಲೆ

ಇಪ್ಪತ್ತಾರನೇ ವಾರದಲ್ಲಿ, ಒಂದು ಕಿಲೋ ತೂಕವೂ ಇಲ್ಲದೆ ಹುಟ್ಟಿದ ಶಿಶು ಬದುಕಿ ಮನೆಗೆ ಹೋಗುವುದು ಸುಸಜ್ಜಿತ ನವಜಾತ ಶಿಶು ಘಟಕಗಳಲ್ಲಿ ಈಗ ಪವಾಡವೇನಲ್ಲ. ಶ್ವಾಸಕೋಶ ಬಲಿಯದ ಕಾರಣಕ್ಕೆ ಮೊದಲ ವಾರದಲ್ಲೇ ಕಣ್ಮುಚ್ಚುತ್ತಿದ್ದ ಮಕ್ಕಳನ್ನು ಸರ್ಫ್ಯಾಕ್ಟಂಟ್ ಔಷಧ, ಹದವಾದ ಉಸಿರಾಟದ ನೆರವು ಮತ್ತು ಎಚ್ಚರದ ಶುಶ್ರೂಷೆ ಉಳಿಸಿಕೊಳ್ಳುತ್ತಿವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ಸುಮಾರು 1.34 ಕೋಟಿ ಶಿಶುಗಳು 37 ವಾರ ತುಂಬುವ ಮೊದಲೇ ಹುಟ್ಟಿದವು. ಸರಿಸುಮಾರು ಹತ್ತಕ್ಕೆ ಒಂದು. ಮಗು ಉಳಿದೀತೇ ಎಂಬ ಆತಂಕ ತುಸು ತಗ್ಗಿದ ಕೂಡಲೇ, ನಡೆದೀತೇ, ಮಾತಾಡೀತೇ, ಶಾಲೆಗೆ ಹೋದೀತೇ ಎಂಬ ಇನ್ನೊಂದು ಆತಂಕ ಹೆತ್ತವರನ್ನು ಹಿಡಿಯುತ್ತದೆ. ಈ ವಯಸ್ಸಿನ ಮಿದುಳಿಗೆ ಪೆಟ್ಟಾಗುವ ಬಗೆಯನ್ನು ವೈದ್ಯವಿಜ್ಞಾನ ಕಳೆದ ಐದಾರು ದಶಕಗಳಲ್ಲಿ ಬಹಳಷ್ಟು ಅರಿತುಕೊಂಡಿದೆ. ಪೆಟ್ಟಾದ ಮಗುವನ್ನು ತಡಮಾಡದೆ ಗುರುತಿಸುವ ವಿದ್ಯೆಯೂ ಕೈಯಲ್ಲಿದೆ. ಆದರೂ ‘ಒಂದು ವರ್ಷ ಕಾದು ನೋಡೋಣ’ ಎಂಬ ಮಾತು ವೈದ್ಯರ ಕೊಠಡಿಗಳಿಂದ ಇನ್ನೂ ಹೋಗಿಲ್ಲ. ಈ ಲೇಖನದ ತಕರಾರು ಮುಖ್ಯವಾಗಿ ಆ ಮಾತಿನೊಂದಿಗೆ.

ಸೆರೆಬ್ರಲ್ ಪಾಲ್ಸಿ ಒಂದೇ ಕಾಯಿಲೆಯ ಹೆಸರಲ್ಲ. ಗರ್ಭದಲ್ಲಿ ಅಥವಾ ಎಳೆಯ ವಯಸ್ಸಿನಲ್ಲಿ, ಇನ್ನೂ ಬೆಳೆಯುತ್ತಿರುವ ಮಿದುಳಿಗೆ ಆದ ಹಾನಿಯಿಂದ ಚಲನೆ ಮತ್ತು ದೇಹದ ನಿಲುವಿನಲ್ಲಿ ಉಳಿದುಬಿಡುವ ತೊಂದರೆಗಳ ಗುಂಪನ್ನು ಒಟ್ಟಾಗಿ ಹಾಗೆ ಕರೆಯುತ್ತಾರೆ. ಮಿದುಳಿನ ಹಾನಿ ಮುಂದೆ ಹೆಚ್ಚುತ್ತಾ ಹೋಗುವುದಿಲ್ಲ. ಆದರೆ ಮಗು ಬೆಳೆದಂತೆ ಸ್ನಾಯು, ಮೂಳೆ, ಕೀಲುಗಳ ಮೇಲೆ ಅದರ ಪರಿಣಾಮ ಬದಲಾಗುತ್ತಾ ಹೋಗುತ್ತದೆ, ಮತ್ತು ಈ ಎರಡನೆಯ ಮಾತನ್ನು ಹೆತ್ತವರಿಗೆ ಹೇಳುವವರು ಕಡಿಮೆ. ಅವಧಿ ತುಂಬಿ ಹುಟ್ಟಿದ ಮಕ್ಕಳಲ್ಲಿ ಸಾವಿರಕ್ಕೆ ಸುಮಾರು ಒಂದು ಮಗುವಿಗೆ ಈ ಸ್ಥಿತಿ ಬಂದರೆ, 28 ವಾರಕ್ಕೆ ಮೊದಲು ಹುಟ್ಟಿ ಬದುಕಿದವರಲ್ಲಿ ನೂರಕ್ಕೆ ಹತ್ತರ ಆಸುಪಾಸಿನಲ್ಲಿ ಕಾಣಿಸುತ್ತದೆ. ಇದರ ಇನ್ನೊಂದು ಮುಖವೂ ಅಷ್ಟೇ ನಿಜ: ಅತಿ ಬೇಗ ಹುಟ್ಟಿದ ಮಕ್ಕಳಲ್ಲಿಯೂ ಬಹುಪಾಲು ಮಕ್ಕಳಿಗೆ ಸೆರೆಬ್ರಲ್ ಪಾಲ್ಸಿ ಬರುವುದಿಲ್ಲ.

ಇಪ್ಪತ್ತನಾಲ್ಕರಿಂದ ಮೂವತ್ತೆರಡನೇ ವಾರದ ಮಿದುಳಿಗೆ ವಿಶೇಷವಾದ ದುರ್ಬಲತೆ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆ ಹಂತದಲ್ಲಿ ಮಿದುಳಿನ ಹೊರಮೈ ಇನ್ನೂ ಬಹುಮಟ್ಟಿಗೆ ನುಣುಪಾಗಿರುತ್ತದೆ, ಮಡಿಕೆಗಳು ಮೂಡುತ್ತಿರುತ್ತವೆ. ಮೂವತ್ತನಾಲ್ಕನೇ ವಾರದಲ್ಲೂ ಅದರ ತೂಕ ಅವಧಿ ತುಂಬಿದ ಶಿಶುವಿನ ಮಿದುಳಿನ ತೂಕದ ಸುಮಾರು ಮೂರನೇ ಎರಡು ಭಾಗವಷ್ಟೇ. ಮಿದುಳಿನ ನಡುವೆ ದ್ರವ ತುಂಬಿದ ಕುಹರಗಳಿವೆ. ಅವುಗಳ ಗೋಡೆಗೆ ಅಂಟಿಕೊಂಡಂತೆ ಜರ್ಮಿನಲ್ ಮ್ಯಾಟ್ರಿಕ್ಸ್ ಎಂಬ ತಾತ್ಕಾಲಿಕ ಅಂಗಾಂಶವಿದೆ. ನರಕೋಶಗಳೂ ಅವುಗಳ ಪೋಷಕ ಕೋಶಗಳೂ ಹುಟ್ಟಿ ತಮ್ಮ ತಮ್ಮ ಜಾಗಕ್ಕೆ ವಲಸೆ ಹೊರಡುವುದು ಇಲ್ಲಿಂದಲೇ. ಇಷ್ಟು ಬಿರುಸಿನ ಕೆಲಸಕ್ಕೆ ರಕ್ತ ಬೇಕು, ಹಾಗಾಗಿ ಇಲ್ಲಿ ರಕ್ತನಾಳಗಳ ದಟ್ಟಣೆ ಇದೆ. ಆದರೆ ಸ್ವಲ್ಪ ಕಾಲದಲ್ಲೇ ಕರಗಿಹೋಗಬೇಕಾದ ನಾಳಗಳಾದ್ದರಿಂದ ಅವುಗಳ ಗೋಡೆ ತೆಳು, ಆಧಾರ ಕಡಿಮೆ. ಗರ್ಭದಲ್ಲೇ ಉಳಿದಿದ್ದರೆ ಮೂವತ್ತೆರಡು–ಮೂವತ್ತನಾಲ್ಕು ವಾರಗಳ ಹೊತ್ತಿಗೆ ಈ ಅಂಗಾಂಶ ತಾನಾಗಿ ಮರೆಯಾಗುತ್ತಿತ್ತು.

ಬಲಿತ ಮಿದುಳಿಗೆ ತನ್ನೊಳಗೆ ಹರಿಯುವ ರಕ್ತದ ಪ್ರಮಾಣವನ್ನು ತಾನೇ ಹದಗೊಳಿಸುವ ಶಕ್ತಿ ಇರುತ್ತದೆ. ದೇಹದ ರಕ್ತದೊತ್ತಡ ಏರಲಿ ಇಳಿಯಲಿ, ಒಳಗಿನ ಹರಿವು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಅವಧಿಗೆ ಮುನ್ನ ಹುಟ್ಟಿದ, ಅದರಲ್ಲೂ ಅಸ್ವಸ್ಥವಾಗಿರುವ ಶಿಶುವಿನಲ್ಲಿ ಈ ಹಿಡಿತ ಸಡಿಲ. ಉಸಿರಾಟದ ಯಂತ್ರದೊಂದಿಗೆ ಮಗು ಹೆಣಗಿದಾಗ, ಎದೆಯೊಳಗೆ ಗಾಳಿ ಸೋರಿದಾಗ, ದ್ರವವನ್ನು ಅವಸರದಲ್ಲಿ ಕೊಟ್ಟಾಗ ಒತ್ತಡದ ಏರಿಳಿತ ನೇರವಾಗಿ ಆ ತೆಳು ನಾಳಗಳಿಗೆ ತಲುಪುತ್ತದೆ, ಕೆಲವು ಒಡೆಯುತ್ತವೆ. ಇಂಥ ರಕ್ತಸ್ರಾವಗಳಲ್ಲಿ ಹೆಚ್ಚಿನವು ಹುಟ್ಟಿದ ಮೊದಲ 72 ಗಂಟೆಗಳೊಳಗೇ ಆಗುತ್ತವೆ. ನೆತ್ತಿಯ ಮೆದುಭಾಗದ ಮೇಲೆ ಅಲ್ಟ್ರಾಸೌಂಡ್ ಉಪಕರಣವನ್ನಿಟ್ಟು, ಮಗುವನ್ನು ಇನ್‌ಕ್ಯುಬೇಟರ್‌ನಿಂದ ಕದಲಿಸದೆಯೇ ಇದನ್ನು ನೋಡಬಹುದು. 1978ರಿಂದ ಬಳಕೆಯಲ್ಲಿರುವ ವರ್ಗೀಕರಣದ ಪ್ರಕಾರ ರಕ್ತ ಮ್ಯಾಟ್ರಿಕ್ಸ್‌ನಲ್ಲೇ ಉಳಿದರೆ ಮೊದಲ ದರ್ಜೆ, ಕುಹರದೊಳಕ್ಕೆ ಹರಿದರೆ ಎರಡನೆಯದು, ಕುಹರವನ್ನು ಹಿಗ್ಗಿಸಿದರೆ ಮೂರನೆಯದು, ಪಕ್ಕದ ಮಿದುಳಿನ ಅಂಗಾಂಶಕ್ಕೂ ಹಾನಿ ತಟ್ಟಿದರೆ ನಾಲ್ಕನೆಯದು. ನಾಲ್ಕನೆಯದು ಮೂರನೆಯದರ ಮುಂದುವರಿಕೆಯಲ್ಲ. ಕುಹರದ ರಕ್ತದ ಒತ್ತಡದಿಂದ ಅಭಿಧಮನಿಗಳ ಹರಿವು ಕಟ್ಟಿಕೊಂಡು ಆ ಭಾಗದ ಅಂಗಾಂಶ ಸಾಯುವುದು ಎಂಬ ತಿಳಿವಳಿಕೆ ಬಂದದ್ದು ಆಮೇಲೆ. ಇದು ಸಾಮಾನ್ಯವಾಗಿ ಒಂದು ಪಕ್ಕದಲ್ಲಾಗುವುದರಿಂದ ಮುಂದೆ ದೇಹದ ಎದುರು ಪಕ್ಕದ ಕೈಕಾಲಿನಲ್ಲಿ ಬಿಗಿತ ಕಾಣುತ್ತದೆ, ಮತ್ತು ಇಂಥ ಮಕ್ಕಳಲ್ಲಿ ಅನೇಕರು ಸ್ವತಂತ್ರವಾಗಿ ನಡೆಯುತ್ತಾರೆ. ‘ನಾಲ್ಕನೇ ದರ್ಜೆ’ ಎಂಬ ಎರಡು ಪದಗಳಿಗೆ ಹೆತ್ತವರು ಎದೆಯೊಡೆದುಕೊಳ್ಳುವ ಮುನ್ನ ಅದು ಎಲ್ಲಿ, ಎಷ್ಟಗಲ ಎಂಬುದನ್ನು ಯಾರಾದರೂ ಅವರಿಗೆ ಚಿತ್ರ ಬರೆದು ತೋರಿಸಬೇಕು.

ರಕ್ತಸ್ರಾವ ಕಣ್ಣಿಗೆ ಬೀಳುತ್ತದೆ, ಹಾಗಾಗಿ ಎಲ್ಲರ ಗಮನವೂ ಅದರ ಮೇಲೆ. ಆದರೆ ಅವಧಿಪೂರ್ವ ಶಿಶುಗಳ ಸೆರೆಬ್ರಲ್ ಪಾಲ್ಸಿಯ ಹಿಂದೆ ಇನ್ನೂ ದೊಡ್ಡ ಪಾತ್ರ ಬಿಳಿ ದ್ರವ್ಯದ ಹಾನಿಯದು. ಮಿದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ, ಅಲ್ಲಿಂದ ಬೆನ್ನುಹುರಿಗೆ ಸಂದೇಶ ಒಯ್ಯುವ ನರತಂತುಗಳ ಕಟ್ಟುಗಳೇ ಬಿಳಿ ದ್ರವ್ಯ; ವಿದ್ಯುತ್ ತಂತಿಗೆ ಹೊದಿಕೆ ಇರುವಂತೆ ಈ ತಂತುಗಳಿಗೆ ಮೈಲಿನ್ ಎಂಬ ಹೊದಿಕೆ ಇರುತ್ತದೆ. ಮೈಲಿನ್ ಹೆಣೆಯಬೇಕಾದ ಕೋಶಗಳು ಇಪ್ಪತ್ಮೂರರಿಂದ ಮೂವತ್ತೆರಡನೇ ವಾರದ ನಡುವೆ ಎಳೆಯ ಹಂತದಲ್ಲಿರುತ್ತವೆ. ಆಮ್ಲಜನಕದ ಕೊರತೆ, ರಕ್ತದ ಹರಿವಿನ ಇಳಿತ, ಸೋಂಕಿನ ಉರಿಯೂತದಲ್ಲಿ ಬಿಡುಗಡೆಯಾಗುವ ರಾಸಾಯನಿಕಗಳು ಇವುಗಳಲ್ಲಿ ಯಾವುದನ್ನೂ ಆ ಎಳೆಯ ಕೋಶಗಳು ತಾಳಿಕೊಳ್ಳಲಾರವು. ತೀವ್ರ ಹಾನಿಯಾದಾಗ ಕುಹರಗಳ ಸುತ್ತಲಿನ ಅಂಗಾಂಶ ಸತ್ತು ಅಲ್ಲಿ ಸಣ್ಣ ಸಣ್ಣ ನೀರುಗುಳ್ಳೆಗಳು ಉಳಿಯುತ್ತವೆ. ಈ ಸ್ಥಿತಿಯನ್ನು ಬ್ಯಾಂಕರ್ ಮತ್ತು ಲಾರೋಷ್ 1962ರಲ್ಲಿ ಪೆರಿವೆಂಟ್ರಿಕ್ಯುಲರ್ ಲ್ಯುಕೋಮಲೇಶಿಯಾ ಎಂದು ವಿವರಿಸಿದರು. ಇಂದು ಆ ಗುಳ್ಳೆಗಳ ರೂಪ ವಿರಳವಾಗುತ್ತಿದೆ. ಹೆಚ್ಚು ಕಾಣುವುದು ಹರಡಿಕೊಂಡ ಸೌಮ್ಯ ಹಾನಿ. ಅದರಲ್ಲಿ ಕೋಶಗಳೆಲ್ಲ ಸಾಯದಿದ್ದರೂ ಬಲಿಯುವುದನ್ನು ನಿಲ್ಲಿಸುತ್ತವೆ, ಮೈಲಿನ್ ಹೆಣಿಗೆ ಅರೆಬರೆಯಾಗುತ್ತದೆ. ಇಂಥ ಹಾನಿ ಅಲ್ಟ್ರಾಸೌಂಡ್‌ಗೆ ಸುಲಭವಾಗಿ ಸಿಕ್ಕುವುದಿಲ್ಲ.

ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಕೈಗಳಿಗಿಂತ ಕಾಲುಗಳು ಹೆಚ್ಚು ಬಿಗಿಯುವುದೇಕೆ ಎಂಬುದಕ್ಕೂ ಇಲ್ಲೇ ವಿವರಣೆ ಇದೆ. ಚಲನೆಯ ಆಜ್ಞೆಯನ್ನು ಮಿದುಳಿನ ಹೊರಪದರದಿಂದ ಬೆನ್ನುಹುರಿಗೆ ಒಯ್ಯುವ ತಂತುಗಳು ಕುಹರದ ಪಕ್ಕದಲ್ಲೇ ಇಳಿದು ಬರುತ್ತವೆ. ಅವುಗಳಲ್ಲಿ ಕಾಲುಗಳ ತಂತುಗಳು ಕುಹರಕ್ಕೆ ಅತಿ ಸಮೀಪ. ಕೈ ಮತ್ತು ಮುಖದ ತಂತುಗಳು ಹೊರಗಡೆ. ಕುಹರದ ಅಂಚಿನಲ್ಲಿ ಹಾನಿಯಾದರೆ ಮೊದಲ ಏಟು ಬೀಳುವುದು ಕಾಲುಗಳ ದಾರಿಗೆ. ಹಾನಿ ಅಗಲವಾದಂತೆ ಕೈಗಳೂ, ಕುಹರದ ಹಿಂಭಾಗಕ್ಕೆ ಹಬ್ಬಿದಾಗ ದೃಷ್ಟಿಯ ದಾರಿಯೂ ಒಳಗಾಗುತ್ತವೆ. ಕಣ್ಣು ಸರಿಯಾಗಿದ್ದೂ ಕಂಡದ್ದನ್ನು ಮಿದುಳು ಗ್ರಹಿಸಲಾರದ ಮಕ್ಕಳನ್ನು ‘ಗಮನ ಕೊಡುವುದಿಲ್ಲ’ ಎಂದು ತಪ್ಪಾಗಿ ತಿಳಿಯುವುದು ಇದೇ ಕಾರಣಕ್ಕೆ.

ಹಾಗಾದರೆ ತಪ್ಪು ಯಾರದು? ಈ ಪ್ರಶ್ನೆ ವೈದ್ಯಕೀಯ ಚರಿತ್ರೆಯಷ್ಟೇ ಹಳೆಯದಾಗಿ ಕಾಡಿದೆ. ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಜಾನ್ ಲಿಟ್ಲ್ 1861ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಕಷ್ಟದ ಹೆರಿಗೆ, ಅವಧಿಪೂರ್ವ ಜನನ ಮತ್ತು ಹುಟ್ಟುವಾಗಿನ ಉಸಿರುಗಟ್ಟುವಿಕೆಗೂ ಮಕ್ಕಳ ಕೈಕಾಲಿನ ಬಿಗಿತಕ್ಕೂ ಸಂಬಂಧವಿದೆ ಎಂದರು. ಕಾಲುಗಳ ಬಿಗಿತಕ್ಕೆ ಬಹುಕಾಲ ಅವರದೇ ಹೆಸರಿತ್ತು. ಮನೋವಿಶ್ಲೇಷಣೆಗೆ ಹೆಸರಾದ ಸಿಗ್ಮಂಡ್ ಫ್ರಾಯ್ಡ್ ಅದಕ್ಕೂ ಮೊದಲು ನರವೈದ್ಯರಾಗಿದ್ದರು, ಮತ್ತು 1897ರಲ್ಲಿ ಅವರು ಎತ್ತಿದ ಅನುಮಾನ ಹೀಗಿತ್ತು: ಹೆರಿಗೆ ಕಷ್ಟವಾದದ್ದೇ ಕಾರಣವೆಂದು ಏಕೆ ತಿಳಿಯಬೇಕು, ಗರ್ಭದಲ್ಲೇ ಆರಂಭವಾದ ತೊಂದರೆಯ ಲಕ್ಷಣವೂ ಅದಾಗಿರಬಹುದಲ್ಲವೇ? ಅಮೆರಿಕದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಬಸಿರುಗಳನ್ನು ಹಿಂಬಾಲಿಸಿದ ಅಧ್ಯಯನದ ಮಾಹಿತಿಯನ್ನು ಕ್ಯಾರಿನ್ ನೆಲ್ಸನ್ ಮತ್ತು ಜೊನಾಸ್ ಎಲೆನ್‌ಬರ್ಗ್ 1986ರಲ್ಲಿ ವಿಶ್ಲೇಷಿಸಿದಾಗ, ಹೆರಿಗೆಯ ಹೊತ್ತಿನ ಉಸಿರುಗಟ್ಟುವಿಕೆಯಿಂದ ವಿವರಿಸಬಹುದಾದ ಪ್ರಕರಣಗಳು ಕೆಲವೇ ಎಂದು ಕಂಡಿತು. ಅವಧಿಪೂರ್ವ ಶಿಶುಗಳ ವಿಷಯದಲ್ಲಂತೂ ಗರ್ಭಚೀಲದ ಸೋಂಕು, ಅದು ಎಬ್ಬಿಸುವ ಉರಿಯೂತ, ಗರ್ಭದಲ್ಲಿ ಕುಂಠಿತ ಬೆಳವಣಿಗೆ, ಹುಟ್ಟಿದ ಮೇಲಿನ ರಕ್ತದ ಸೋಂಕು, ಕರುಳಿನ ಊತ ಇವೆಲ್ಲ ಒಂದರ ಮೇಲೊಂದು ಬೀಳುತ್ತವೆ. ಹಾನಿಗೆ ಒಂದು ಗಳಿಗೆಯಿಲ್ಲ. ವಾರಗಟ್ಟಲೆ ನಡೆಯುವ ಪ್ರಕ್ರಿಯೆ ಅದು. ತಾಯಿ ಮಾಡಿದ ಅಥವಾ ಮಾಡದ ಯಾವುದೋ ಒಂದು ಕೆಲಸಕ್ಕೆ ಇದನ್ನು ಗಂಟು ಹಾಕುವುದು ಕ್ರೌರ್ಯ ಮಾತ್ರವಲ್ಲ, ವೈಜ್ಞಾನಿಕವಾಗಿಯೂ ತಪ್ಪು.

ಪ್ರಕ್ರಿಯೆ ವಾರಗಟ್ಟಲೆ ನಡೆಯುವುದಾದರೆ ತಡೆಯಲು ಅವಕಾಶಗಳೂ ಹಲವು. ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿರುವ ತಾಯಿಗೆ ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟರೆ ಶಿಶುವಿನ ಶ್ವಾಸಕೋಶ ಬೇಗ ಬಲಿಯುತ್ತದೆ ಎಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲೇ ತೋರಿಸಿದರು. ಮಿದುಳಿನ ರಕ್ತಸ್ರಾವವೂ ಇದರಿಂದ ಕಡಿಮೆಯಾಗುತ್ತದೆ ಎಂಬುದು ಮುಂದೆ ದೃಢಪಟ್ಟಿತು. ಮೆಗ್ನೀಸಿಯಂ ಸಲ್ಫೇಟ್‌ನ ಕಥೆ ಇನ್ನೂ ಗಮನಾರ್ಹ. ಬಸುರಿಯರ ರಕ್ತದೊತ್ತಡಕ್ಕೆ ಸಂಬಂಧಿಸಿದ ಸೆಳವು ತಡೆಯಲು ಕೊಡುತ್ತಿದ್ದ, ದುಬಾರಿಯಲ್ಲದ ಹಳೆಯ ಔಷಧ ಇದು. ಇದನ್ನು ಪಡೆದ ತಾಯಂದಿರ ಅತಿ ಕಡಿಮೆ ತೂಕದ ಮಕ್ಕಳಲ್ಲಿ ಸೆರೆಬ್ರಲ್ ಪಾಲ್ಸಿ ಕಡಿಮೆ ಎಂದು 1995ರಲ್ಲಿ ನೆಲ್ಸನ್ ಮತ್ತು ಗ್ರೆದರ್ ಗಮನಿಸಿದರು. ಆ ಗಮನಿಕೆಯನ್ನು ದೊಡ್ಡ ಪ್ರಯೋಗಗಳು ಪರೀಕ್ಷೆಗೆ ಒಡ್ಡಿದವು. 2,241 ತಾಯಂದಿರನ್ನು ಒಳಗೊಂಡು 2008ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಮಧ್ಯಮ ಅಥವಾ ತೀವ್ರ ಸೆರೆಬ್ರಲ್ ಪಾಲ್ಸಿಯ ಪ್ರಮಾಣ ಶೇ 3.5ರಿಂದ ಶೇ 1.9ಕ್ಕೆ ಇಳಿದಿತ್ತು. ಎಲ್ಲ ಪ್ರಯೋಗಗಳನ್ನು ಕೂಡಿಸಿ ನೋಡಿದರೆ ಸುಮಾರು ಅರವತ್ತಮೂರು ತಾಯಂದಿರಿಗೆ ಕೊಟ್ಟಾಗ ಒಂದು ಮಗು ಸೆರೆಬ್ರಲ್ ಪಾಲ್ಸಿಯಿಂದ ಪಾರಾಗುತ್ತದೆ. 32 ವಾರಕ್ಕೆ ಮುನ್ನ ಹೆರಿಗೆ ನಿಶ್ಚಿತವೆನಿಸಿದಾಗ ಇದನ್ನು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಶಿಫಾರಸು ಮಾಡಿತು. ಇಷ್ಟು ಸರಳ ಔಷಧ ಅಗತ್ಯವಿರುವ ಪ್ರತಿ ತಾಯಿಗೂ ತಲುಪದಿರುವುದಕ್ಕೆ ವಿಜ್ಞಾನದ ಮಿತಿ ಕಾರಣವಲ್ಲ, ವ್ಯವಸ್ಥೆಯ ಆಲಸ್ಯ ಕಾರಣ.

ಹುಟ್ಟಿದ ಮೇಲೆ ಕೆಫೀನ್ ಕೂಡ ಅನಿರೀಕ್ಷಿತ ನೆರವು ನೀಡಿದೆ. ಉಸಿರಾಟ ಮರೆಯುವ ಪುಟ್ಟ ಶಿಶುಗಳಿಗೆ ಉಸಿರು ನೆನಪಿಸಲು ಕೊಡುತ್ತಿದ್ದ ಈ ಔಷಧವನ್ನು ಸುಮಾರು ಎರಡು ಸಾವಿರ ಶಿಶುಗಳಲ್ಲಿ ಪರೀಕ್ಷಿಸಿದಾಗ, ಒಂದೂವರೆ ವರ್ಷದ ಆಸುಪಾಸಿನಲ್ಲಿ ಸೆರೆಬ್ರಲ್ ಪಾಲ್ಸಿ ಶೇ 7.3ರ ಬದಲು ಶೇ 4.4ರಷ್ಟು ಮಕ್ಕಳಲ್ಲಿ ಮಾತ್ರ ಕಂಡಿತು. ಹೊಕ್ಕುಳಬಳ್ಳಿಯನ್ನು ತಕ್ಷಣ ಕತ್ತರಿಸದೆ ಸ್ವಲ್ಪ ತಡೆಯುವುದು, ಮೈ ಬೆಚ್ಚಗಿಡುವುದು, ತಾಯಿಯ ಎದೆಗೆ ಚರ್ಮ ತಾಗುವಂತೆ ಮಲಗಿಸುವುದು, ಉಸಿರಾಟದ ಯಂತ್ರ ರಕ್ತದ ಇಂಗಾಲದ ಡೈಆಕ್ಸೈಡನ್ನು ತೀರಾ ಇಳಿಸದಂತೆ ನೋಡಿಕೊಳ್ಳುವುದು, ಸೋಂಕು ತಗಲದಂತೆ ಕೈ ತೊಳೆಯುವುದು ಇವೆಲ್ಲ ಅದೇ ಸಾಲಿನಲ್ಲಿ ಬರುತ್ತವೆ. ಯುರೋಪಿನ ನೋಂದಣಿಗಳಲ್ಲಿ ಒಂದೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳ ಸೆರೆಬ್ರಲ್ ಪಾಲ್ಸಿ 1980ರಲ್ಲಿ ಸಾವಿರಕ್ಕೆ 60.6 ಇದ್ದದ್ದು 1996ಕ್ಕೆ 39.5ಕ್ಕೆ ಇಳಿಯಿತು. ಹೆಚ್ಚು ಮಕ್ಕಳನ್ನು ಬದುಕಿಸುವುದೆಂದರೆ ಹೆಚ್ಚು ಅಂಗವೈಕಲ್ಯವನ್ನು ಸೃಷ್ಟಿಸುವುದು ಎಂದು ವಾದಿಸುವವರು ಈ ಅಂಕಿಗಳನ್ನು ನೋಡಬೇಕು.

ಎಲ್ಲ ಭರವಸೆಗಳೂ ಫಲಿಸಿಲ್ಲ ಎಂಬುದನ್ನೂ ಹೇಳಬೇಕು. ಮೊದಲ ವಾರದಲ್ಲೇ ಶಿಶುವಿಗೆ ಕೊಡುತ್ತಿದ್ದ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಉಸಿರಾಟದ ಯಂತ್ರದಿಂದ ಬೇಗ ಬಿಡಿಸುತ್ತಿತ್ತು, ಆದರೆ ಸೆರೆಬ್ರಲ್ ಪಾಲ್ಸಿಯನ್ನು ಹೆಚ್ಚಿಸುತ್ತಿತ್ತು. ಇಂಡೊಮೆಥಸಿನ್ ಎಂಬ ಔಷಧ ತೀವ್ರ ರಕ್ತಸ್ರಾವವನ್ನು ಕಡಿಮೆ ಮಾಡಿತು; ಒಂದೂವರೆ ವರ್ಷದ ಹೊತ್ತಿಗೆ ಮಕ್ಕಳ ಸ್ಥಿತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಿದುಳನ್ನು ಕಾಪಾಡೀತೆಂದು ಬಹಳ ನಿರೀಕ್ಷೆ ಹುಟ್ಟಿಸಿದ್ದ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನು 2020ರ ದೊಡ್ಡ ಪ್ರಯೋಗದಲ್ಲಿ ಉಪಯೋಗಕ್ಕೆ ಬರಲಿಲ್ಲ. ಅವಧಿ ತುಂಬಿದ ಶಿಶುಗಳಿಗೆ ಉಸಿರುಗಟ್ಟಿದಾಗ ದೇಹವನ್ನು ತಂಪಾಗಿಸುವ ಚಿಕಿತ್ಸೆ ಅವಧಿಗೆ ಬಹಳ ಮುನ್ನ ಹುಟ್ಟಿದ ಶಿಶುಗಳಿಗೆ ಹೊಂದುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಮಕ್ಕಳಿಗೆ ಹಾನಿಯಾಗಿರುತ್ತದೆ, ಮತ್ತು ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಅದು ಕಣ್ಣಿಗೆ ಕಾಣುವುದಿಲ್ಲ. ಸ್ಕ್ಯಾನ್ ವರದಿಯನ್ನೇ ಹಣೆಬರಹವೆಂದು ತಿಳಿಯುವುದು ಒಂದು ಬಗೆಯ ತಪ್ಪು. ಸ್ಕ್ಯಾನ್ ಸರಿಯಿದೆ, ಇನ್ನು ಚಿಂತೆಯಿಲ್ಲ ಎನ್ನುವುದು ಇನ್ನೊಂದು ಬಗೆಯದು. ಅಲ್ಟ್ರಾಸೌಂಡ್‌ನಲ್ಲಿ ಏನೂ ಕಾಣದ ಮಕ್ಕಳಲ್ಲಿಯೂ ಮುಂದೆ ಸೆರೆಬ್ರಲ್ ಪಾಲ್ಸಿ ಕಾಣಿಸಿಕೊಂಡದ್ದಿದೆ. ಎರಡೂ ಕಡೆಯವರಿಗೆ ಬೇಕಾದದ್ದು ನಿಯಮಿತ ತಪಾಸಣೆ.

ಆಸ್ಟ್ರೇಲಿಯಾದ ಐಯೋನಾ ನೋವಾಕ್ ನೇತೃತ್ವದ ಅಂತರರಾಷ್ಟ್ರೀಯ ತಂಡವೊಂದು 2017ರಲ್ಲಿ ಲಭ್ಯವಿದ್ದ ಪುರಾವೆಗಳನ್ನೆಲ್ಲ ಜರಡಿ ಹಿಡಿದು, ಹನ್ನೆರಡರಿಂದ ಇಪ್ಪತ್ತನಾಲ್ಕು ತಿಂಗಳಿಗೆ ಆಗುತ್ತಿದ್ದ ರೋಗನಿರ್ಣಯವನ್ನು ಆರು ತಿಂಗಳ ಒಳಗೇ ಮಾಡಬಹುದೆಂದು ಹೇಳಿತು. ಇಲ್ಲಿ ತಿಂಗಳುಗಳನ್ನು ಎಣಿಸುವುದು ಮಗು ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಿದ್ದ ದಿನದಿಂದ. ಇದಕ್ಕೆ ನೆರವಾಗುವ ಪರೀಕ್ಷೆಗಳಲ್ಲಿ ನನಗೆ ಅತ್ಯಂತ ಮಾನವೀಯವೆನಿಸುವುದು ಆಸ್ಟ್ರಿಯಾದ ಹೈಂಜ್ ಪ್ರೆಖ್ಟಲ್ ರೂಪಿಸಿದ ಚಲನೆಗಳ ಅವಲೋಕನ. ಮಗುವನ್ನು ಬೆನ್ನ ಮೇಲೆ ಮಲಗಿಸಿ, ಕೈಕಾಲು ಕಾಣುವಂತೆ ಬಟ್ಟೆ ತೊಡಿಸಿ, ಎದುರಿಗೆ ಆಟಿಕೆ ಹಿಡಿಯದೆ, ಮಾತಾಡಿಸದೆ, ಅದು ಎಚ್ಚರವಾಗಿ ಶಾಂತವಾಗಿರುವಾಗ ಕೆಲವು ನಿಮಿಷ ವಿಡಿಯೋ ಮಾಡುತ್ತಾರೆ. ಮೂರು ತಿಂಗಳ ಆಸುಪಾಸಿನ ಆರೋಗ್ಯವಂತ ಮಗುವಿನ ಕುತ್ತಿಗೆ, ಮುಂಡ, ಮಣಿಕಟ್ಟು, ಕಾಲುಗಳಲ್ಲಿ ಸಣ್ಣ ಸಣ್ಣ, ಎಲ್ಲ ದಿಕ್ಕಿಗೂ ಹೊರಳುವ, ನಿಲ್ಲದೆ ಸುಳಿಯುವ ಮಿಸುಕಾಟ ಇರುತ್ತದೆ. ಫಿಜೆಟಿ ಚಲನೆ ಎಂದು ಅದನ್ನು ಕರೆಯುತ್ತಾರೆ. ಆ ಮಿಸುಕಾಟ ಪೂರ್ತಿ ಇಲ್ಲದಿರುವುದು ಅಪಾಯದ ಗಟ್ಟಿ ಸೂಚನೆ. ಮುಂದೆ ಸೆರೆಬ್ರಲ್ ಪಾಲ್ಸಿ ದೃಢಪಟ್ಟ ಮಕ್ಕಳಲ್ಲಿ ಸುಮಾರು ಶೇ 98ರಷ್ಟು ಮಂದಿಯನ್ನು ಈ ಅವಲೋಕನ ಐದು ತಿಂಗಳೊಳಗೇ ಗುರುತಿಸಬಲ್ಲದು. ಇದರ ಜೊತೆಗೆ ಇಪ್ಪತ್ತಾರು ಅಂಶಗಳ ಹ್ಯಾಮರ್‌ಸ್ಮಿತ್ ನರಪರೀಕ್ಷೆ ಮತ್ತು ಸಾಧ್ಯವಿದ್ದಲ್ಲಿ ಎಂಆರ್‌ಐ ಸೇರಿದರೆ ನಿರ್ಣಯ ಇನ್ನೂ ಖಚಿತ. ತರಬೇತಿ ಪಡೆದ ಕಣ್ಣು ಮತ್ತು ಒಂದು ಸಾಧಾರಣ ಕ್ಯಾಮೆರಾ ಇದ್ದರೆ ನಡೆಯುವ ಪರೀಕ್ಷೆಯನ್ನು ಯಂತ್ರೋಪಕರಣದ ನೆಪ ಹೇಳಿ ಮುಂದೂಡುವಂತಿಲ್ಲ.

ಈ ಪರೀಕ್ಷೆಗಳು ಸಿಗದ ಕಡೆಯೂ ಕೆಲವು ಸುಳಿವುಗಳಿವೆ. ನಾಲ್ಕು ತಿಂಗಳು ದಾಟಿದ ಮೇಲೂ ಮುಷ್ಟಿ ಬಿಗಿದೇ ಇರುವುದು, ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ಮರೆಯುವುದು, ಒಂಬತ್ತು ತಿಂಗಳಿಗೂ ಆಧಾರವಿಲ್ಲದೆ ಕೂರದಿರುವುದು, ಎತ್ತಿ ನಿಲ್ಲಿಸಿದಾಗ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಹೋಗುವುದು. ‘ನಮ್ಮ ಮಗು ಎಡಚ, ಎಂಟು ತಿಂಗಳಿಗೇ ಗೊತ್ತಾಗಿದೆ’ ಎಂದು ಸಂಭ್ರಮಿಸುವ ಮನೆಯವರಿಗೆ ಆ ವಯಸ್ಸಿನಲ್ಲಿ ಎಡಚ–ಬಲಚ ಎಂಬುದು ಇರಬಾರದು ಎಂದು ಹೇಳುವುದು ಕಷ್ಟದ ಕೆಲಸ, ಆದರೆ ಹೇಳಲೇಬೇಕು.

ಕಾಯುವುದರಿಂದ ಏನು ಕೈತಪ್ಪುತ್ತದೆ? ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ದಾರಿಗಳು ಮೊದಲ ವರ್ಷಗಳಲ್ಲಿ ಬಳಕೆಯ ಆಧಾರದ ಮೇಲೆ ಗಟ್ಟಿಯಾಗುತ್ತವೆ. ಬಳಸಿದ ದಾರಿ ಉಳಿಯುತ್ತದೆ, ಬಳಸದ್ದು ಹಿಂಜರಿಯುತ್ತದೆ. ಒಂದು ಪಕ್ಕ ದುರ್ಬಲವಾದ ಮಗುವಿಗೆ ಗಟ್ಟಿ ಕೈಗೆ ಮೃದುವಾದ ಕೈಚೀಲ ತೊಡಿಸಿ ಇನ್ನೊಂದು ಕೈಯಿಂದ ಆಡುವಂತೆ ಪ್ರೇರೇಪಿಸುವ ಚಿಕಿತ್ಸೆ ಶೈಶವದಲ್ಲೇ ಶುರುವಾಗಬೇಕಾದದ್ದು ಇದಕ್ಕಾಗಿ. ಚಿಕಿತ್ಸಕರು ಮಗುವಿನ ಕೈಕಾಲುಗಳನ್ನು ತಾವು ಆಡಿಸುವುದಕ್ಕಿಂತ, ಮಗು ತಾನೇ ಬಯಸಿದ ವಸ್ತುವಿನ ಕಡೆ ಚಾಚಿ, ತಪ್ಪಿ, ಮತ್ತೆ ಚಾಚಿ ಕಲಿಯುವುದು ಹೆಚ್ಚು ಫಲ ಕೊಡುತ್ತದೆ. ಮಾಲೀಶು ಮಾಡಿದರೆ ಸಾಕು, ಬಲಿಷ್ಠವಾದೀತು ಎಂಬ ನಂಬಿಕೆಗೆ ಆಧಾರವಿಲ್ಲ. ಕಾಂಡಕೋಶ ಚುಚ್ಚಿ ಮಿದುಳನ್ನು ಸರಿಪಡಿಸುತ್ತೇವೆಂದು ಹಣ ಪೀಕುವವರಿಂದ ಹೆತ್ತವರು ದೂರವಿರಬೇಕು. ಅದು ಇನ್ನೂ ಸಂಶೋಧನೆಯ ಹಂತದ ವಿಷಯ.

ಚಲನೆಯ ಆಚೆಗೂ ನೋಡಬೇಕಾದದ್ದಿದೆ. ಸೆರೆಬ್ರಲ್ ಪಾಲ್ಸಿ ಇರುವವರಲ್ಲಿ ನಾಲ್ವರಲ್ಲಿ ಮೂವರಿಗೆ ನೋವು ಇರುತ್ತದೆ, ನಾಲ್ವರಲ್ಲಿ ಒಬ್ಬರಿಗೆ ಮೂರ್ಛೆರೋಗ, ನಾಲ್ವರಲ್ಲಿ ಒಬ್ಬರಿಗೆ ಮಾತು ಬರುವುದಿಲ್ಲ. ಸರಿಸುಮಾರು ಅರ್ಧದಷ್ಟು ಮಂದಿಗೆ ಬೌದ್ಧಿಕ ತೊಂದರೆ ಇರುತ್ತದೆ. ಅಂದರೆ ಉಳಿದರ್ಧಕ್ಕೆ ಇಲ್ಲ. ಮಾತು ಬಾರದ ಮಗುವಿಗೆ ಬುದ್ಧಿಯೂ ಇಲ್ಲವೆಂದು ತೀರ್ಮಾನಿಸಿ ಶಾಲೆಯ ಬಾಗಿಲು ಮುಚ್ಚುವುದು ಮೊದಲ ಹಾನಿಯ ಮೇಲೆ ಹೇರುವ ಎರಡನೆಯ ಹಾನಿ. ಅಂಥ ಮಗುವಿಗೆ ಚಿತ್ರಫಲಕ ಅಥವಾ ಕಣ್ಣೋಟದಿಂದ ನಡೆಸುವ ಸಾಧನವನ್ನು ಮಾತು ಬರುವವರೆಗೆ ಕಾಯದೆ ಕೊಡಬೇಕು.

ಸೊಂಟದ ಕೀಲಿನ ಉದಾಹರಣೆ ಕಾಯುವಿಕೆಯ ಬೆಲೆಯನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ. ಸ್ನಾಯುಗಳ ಬಿಗಿತದಿಂದ ತೊಡೆಮೂಳೆಯ ತಲೆ ತನ್ನ ಗೂಡಿನಿಂದ ವರ್ಷವರ್ಷವೂ ಸ್ವಲ್ಪ ಸ್ವಲ್ಪ ಜಾರುತ್ತದೆ. ಮೂವರಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಅದರಲ್ಲೂ ನಡೆಯಲಾಗದ ಮಕ್ಕಳಿಗೆ ಅಪಾಯ ಹೆಚ್ಚು. ಜಾರುವಾಗ ನೋವಿಲ್ಲ, ಹೊರಗೆ ಗುರುತಿಲ್ಲ. ಪೂರ್ತಿ ತಪ್ಪಿದ ಮೇಲೆ ಕೂರಲೂ ಮಲಗಲೂ ಬಿಡದ ನೋವು. ಸ್ವೀಡನ್ನಿನ ದಕ್ಷಿಣ ಭಾಗದಲ್ಲಿ 1994ರಿಂದ ಸೆರೆಬ್ರಲ್ ಪಾಲ್ಸಿ ಇರುವ ಪ್ರತಿ ಮಗುವನ್ನೂ ನೋಂದಾಯಿಸಿ, ತೀವ್ರತೆಗೆ ತಕ್ಕಂತೆ ನಿಗದಿತ ಅವಧಿಗೊಮ್ಮೆ ಸೊಂಟದ ಎಕ್ಸ್‌-ರೇ ತೆಗೆದು, ಜಾರುವಿಕೆ ಒಂದು ಮಿತಿ ದಾಟಿದ ಕೂಡಲೇ ಸಣ್ಣ ಶಸ್ತ್ರಚಿಕಿತ್ಸೆಯಿಂದಲೇ ತಡೆಯುವ ಕ್ರಮ ಆರಂಭವಾಯಿತು. ಅದಕ್ಕೆ ಮೊದಲು ಹತ್ತರಲ್ಲಿ ಸುಮಾರು ಒಂದು ಮಗುವಿಗೆ ಕೀಲು ತಪ್ಪುತ್ತಿದ್ದದ್ದು ಶೇ 1ಕ್ಕಿಂತ ಕೆಳಗಿಳಿಯಿತು. ಇದಕ್ಕೆ ಹೊಸ ಔಷಧ ಬೇಕಾಗಲಿಲ್ಲ, ಎಲ್ಲೆಡೆ ಇರುವ ಎಕ್ಸ್‌-ರೇ ಯಂತ್ರವೇ ಸಾಕಾಯಿತು. ಬೇಕಾದದ್ದು ಮಗುವಿನ ಹೆಸರಿರುವ ಒಂದು ಪಟ್ಟಿ ಮತ್ತು ಮುಂದಿನ ತಪಾಸಣೆಯ ದಿನ ಬಂದಾಗ ಮನೆಗೆ ಕರೆ ಮಾಡುವ ಒಬ್ಬ ವ್ಯಕ್ತಿ. ಆ ಪಟ್ಟಿಗೆ ಹೆಸರು ಸೇರಬೇಕಾದರೆ ರೋಗನಿರ್ಣಯ ಮೊದಲ ವರ್ಷದೊಳಗೇ ಆಗಿರಬೇಕು.